ಒಣಗಿಸಬಾರದ ಗಾಯ

ಜಾವಗಲ್ಲಿನ ಕೆಂಚಪ್ಪನವರ ಮನೆಯಲ್ಲಿ ಒಣಗದ್ದೆಲ್ಲ ಕೊಳೆತಂತೆಯೇ ಲೆಕ್ಕ. ಅಟ್ಟದ ಮೇಲೆ ಕಾಯಿ ಒಣಗಬೇಕು, ಅಂಗಳದಲ್ಲಿ ಮೆಣಸಿನಕಾಯಿ ಒಣಗಬೇಕು, ತಾರಸಿಯ ಮೇಲೆ ಸಂಡಿಗೆ ಒಣಗಬೇಕು, ತಲೆಗೆ ನೀರು ಹಾಕಿಕೊಂಡವರ ಕೂದಲು ಒಣಗುವವರೆಗೆ ಯಾರೂ ಊಟಕ್ಕೆ ಕೂರುವಂತಿಲ್ಲ. ಕೊಬ್ಬರಿ ಮಾಡಿ ಬದುಕಿದ ಮನೆ ಅದು. ತೇವ ಎಂದರೆ ಬೂಷ್ಟು, ಬೂಷ್ಟು ಎಂದರೆ ನಷ್ಟ. ಸೊಸೆ ಹೇಮಾವತಿಯೋ ಬಿಕ್ಕೋಡಿನವಳು. ಅಲ್ಲಿ ಮಳೆಗಾಲದಲ್ಲಿ ಹಗ್ಗದ ಮೇಲಿನ ಬಟ್ಟೆ ಒಣಗಿದರೆ ಅದೇ ಒಂದು ಸುದ್ದಿ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಒದ್ದೆ ಸೌಟನ್ನು ಉಪ್ಪಿನಕಾಯಿ ಭರಣಿಗೆ ಹಾಕಿದಳೆಂದು ದೊಡ್ಡತ್ತೆ ವೆಂಕಟಲಕ್ಷ್ಮಮ್ಮ ಬೀದಿಗೆಲ್ಲ ಸಾರಿದ್ದರು. "ಬಿಕ್ಕೋಡಿನೋರಿಗೆ ತೇವದ ಭಯ ಇಲ್ಲ ಕಣವ್ವ" ಎಂಬ ಆ ಮಾತು ಹುಟ್ಟಿ ಹತ್ತು ವರ್ಷದ ಮೇಲಾಗಿತ್ತು. ಭರಣಿ ಯಾವತ್ತೋ ಒಡೆದು ಹೋಗಿತ್ತು. ಮಾತು ಮಾತ್ರ ಒಂಚೂರೂ ಕೆಡದೆ ಹಾಗೇ ಉಳಿದುಕೊಂಡಿತ್ತು.

ವೆಂಕಟಲಕ್ಷ್ಮಮ್ಮ ಕೆಂಚಪ್ಪನವರ ಅಕ್ಕ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು ತವರಿಗೆ ಬಂದವರು ತವರಿನಲ್ಲೇ ಉಳಿದರು. ಮನೆಯ ಮಾತು ಅವರದು, ಮನೆಯ ಲೆಕ್ಕ ಕೆಂಚಪ್ಪನವರದು. ಆದರೆ ಯಜಮಾನಿಕೆ ಇದ್ದದ್ದು ಕೆಂಚಪ್ಪನವರ ಹೆಂಡತಿ ರಂಗಮ್ಮನವರ ಸೊಂಟದಲ್ಲಿ. ಅಟ್ಟದ ಬೀಗದ ಕೈ, ಉಗ್ರಾಣದ ಬೀಗದ ಕೈ, ಬೀರುವಿನದು, ಪಂಪ್‌ಮನೆಯದು, ಯಾವುದರದೆಂದು ಯಾರಿಗೂ ಗೊತ್ತಿಲ್ಲದ ಇನ್ನೂ ಎರಡು, ಎಲ್ಲ ಒಂದೇ ಗೊಂಚಲಾಗಿ ಅವರ ಲಂಗದ ಲಾಡಿಗೆ ನೇತುಬಿದ್ದಿರುತ್ತಿದ್ದವು. ಇನ್ನೊಂದು ಪಕ್ಕದಲ್ಲಿ ಎಲೆಅಡಿಕೆ ಚೀಲ. ಇಷ್ಟು ಭಾರ ಹೊತ್ತು ದಿನಕ್ಕೆ ಹತ್ತು ಸಲ ಅಟ್ಟದ ಏಣಿ ಹತ್ತಿ ಇಳಿಯಬೇಕಾದರೆ ಲಾಡಿಯನ್ನು ಉಸಿರು ಕಟ್ಟುವ ಹಾಗೆ ಬಿಗಿಯಲೇಬೇಕು. "ಸೊಂಟ ಬಿಗಿ ಇದ್ರೆ ಮನೆ ಬಿಗಿ" ಎಂದು ರಂಗಮ್ಮ ಸೊಸೆಗೂ ಹೇಳಿಕೊಟ್ಟಿದ್ದರು. ಎರಡು ಸಾವಿರದ ಮೂರನೇ ಇಸವಿ ಬಂದರೂ ಆ ಮನೆಯ ಫ್ರಿಜ್ಜಿಗೂ ಬೀಗ ಇತ್ತು, ಅದರ ಕೈಯೂ ಅದೇ ಗೊಂಚಲಿನಲ್ಲಿತ್ತು.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಹೇಮಾವತಿ ಬಟ್ಟೆ ಒಗೆಯುವಾಗ ಅತ್ತೆಯ ಲಂಗದ ಲಾಡಿಯಲ್ಲಿ ಕಂದು ಕಲೆ ಕಂಡಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ.

"ಅತ್ತೆ, ಲಾಡಿ ಮೇಲೆ ಇದೇನು?"

"ಎಲೆ ಅಡಿಕೆ ರಸ ಕಣೆ."

"ರಸ ಲಾಡಿಯ ಒಳಮಗ್ಗುಲಿಗೆ ಹೆಂಗೆ ಹೋಯ್ತು?"

"ಒಗಿ ಅಂದ್ರೆ ಒಗಿ. ಪೊಲೀಸ್ನೋರಂಗೆ ಪ್ರಶ್ನೆ ಹಾಕ್ಬೇಡ."

ಮುಂದಿನ ವಾರವೂ ಅದೇ ಕಲೆ, ಅದೇ ಜಾಗ. ಹೇಮಾವತಿ ಲಂಗ ಹಿಂಡಿ ಬಿಸಿಲಿಗೆ ಹಾಕಿದಳು. ಶನಿವಾರ ರಂಗಮ್ಮ ಎಣ್ಣೆ ನೀರು ಹಾಕಿಕೊಳ್ಳುವಾಗ "ಬೆನ್ನುಜ್ಜಿ ಕೊಡ್ತೀನಿ" ಎಂದು ಬಚ್ಚಲುಮನೆಗೆ ನುಗ್ಗಿಬಿಟ್ಟಳು. ಅತ್ತೆ ಬೇಡ ಬೇಡ ಎನ್ನುತ್ತಲೇ ಮೈಗೆ ಸುತ್ತಿಕೊಂಡ ಬಟ್ಟೆಯನ್ನು ಹಿಡಿದುಕೊಂಡರು. ಸೊಂಟದ ಬಲಗಡೆ, ಲಾಡಿ ಕೂರುವ ಕಪ್ಪು ಗೆರೆಯ ಮೇಲೆ, ಬೀಗದ ಕೈ ತೂಗುವ ಜಾಗದಲ್ಲಿ ಒಂದು ಹುಣ್ಣು. ಅಂಚೆಲ್ಲ ದಪ್ಪವಾಗಿ ಉಬ್ಬಿ ಗಟ್ಟಿಯಾಗಿತ್ತು.

"ಯಾವಾಗಿಂದ ಐತೆ ಅತ್ತೆ ಇದು?"

"ಹೋದ ಗೌರಿ ಹಬ್ಬಕ್ಕೂ ಮುಂಚಿಂದ. ಒಣಗ್ತದೆ, ಮತ್ತೆ ಒಡೀತದೆ. ಚಿಪ್ಪೆಣ್ಣೆ ಹಚ್ತಾ ಇವ್ನಿ, ಹೋಯ್ತದೆ ಬಿಡು."

ತೆಂಗಿನ ಚಿಪ್ಪು ಸುಟ್ಟು ಇಳಿಸುವ ಆ ಕರಿ ಎಣ್ಣೆಯ ವಾಸನೆ ಅತ್ತೆಯ ಸೀರೆಯಿಂದ ಬರುತ್ತಿದ್ದದ್ದು ಯಾಕೆಂದು ಹೇಮಾವತಿಗೆ ಆಗ ಹೊಳೆಯಿತು.

"ಮಾವನಿಗೆ ಹೇಳಿದೀರಾ?"

"ಸೊಂಟದ ಹುಣ್ಣನ್ನ ಗಂಡಸರಿಗೆ ಹೇಳೋಕಾಯ್ತದೇನೆ? ನಾಚಿಕೆ ಬ್ಯಾಡ್ವಾ? ಬಾಯ್ಮುಚ್ಕಂಡು ನೀರು ಹಾಕು."

ಹೇಮಾವತಿ ಬಾಯಿ ಮುಚ್ಚಿಕೊಂಡು ನೀರು ಹಾಕಿದಳು. ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ತೆರೆದಳು. ಮುದ್ದೆ, ಉಪ್ಪೆಸರು ಬಡಿಸಿ, ಅತ್ತೆಯ ಕಡೆ ನೋಡದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಕೆಂಚಪ್ಪನವರ ಕೈಯ ತುತ್ತು ಕೈಯಲ್ಲೇ ನಿಂತಿತು.

"ಗೌರಿ ಹಬ್ಬದಿಂದ ಹುಣ್ಣಿಟ್ಕಂಡು ಅಟ್ಟ ಹತ್ತಿ ಇಳೀತಿದ್ಯಾ?" ಎಂದರು ಹೆಂಡತಿಗೆ.

"ನಿಮ್ಮ ಸೊಸೆಗೆ ಬಾಯಲ್ಲಿ ಮಾತು ನಿಲ್ಲಲ್ಲ" ಎಂದರು ರಂಗಮ್ಮ.

"ಹುಣ್ಣು ಯಾರಿಗಾಗಲ್ಲ? ಬಿಸಿಲಿಗೆ ಹಿಡಿದ್ರೆ ಒಣಗ್ತದೆ" ಎಂದರು ವೆಂಕಟಲಕ್ಷ್ಮಮ್ಮ.

ಹೇಮಾವತಿಯ ಗಂಡ ಮಲ್ಲೇಶ, ಬಸ್‌ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟವನು, ತಟ್ಟೆ ಬಿಟ್ಟು ಎದ್ದ. "ನಾಳೆ ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹಾಸನ. ಇನ್ನ್ಯಾರೂ ಮಾತಾಡ್ಬೇಡಿ." ಅಪರೂಪಕ್ಕೆ ಬಾಯಿ ಬಿಡುವ ಗಂಡ ಹೀಗೆ ಬಿಟ್ಟದ್ದು ನೋಡಿ ಹೇಮಾವತಿಗೆ ಅವನ ಮೇಲೆ ಪ್ರೀತಿ ಉಕ್ಕಿತು.

ಹಾಸನದ ಆಸ್ಪತ್ರೆಯ ಡಾಕ್ಟರಮ್ಮ ಹುಣ್ಣಿನ ಅಂಚಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬಂದ ದಿನ ಸುತ್ತಿ ಬಳಸಿ ಮಾತಾಡಲಿಲ್ಲ. "ಚರ್ಮದ ಕ್ಯಾನ್ಸರ್. ಲಾಡಿ ಒಂದೇ ಜಾಗದಲ್ಲಿ ವರ್ಷಾನುಗಟ್ಟಲೆ ಉಜ್ಜಿ ಉಜ್ಜಿ ಹೀಗಾಗಿದೆ. ಅಪರೂಪಕ್ಕೆ ಆಗತ್ತೆ, ಆದರೆ ಆಗತ್ತೆ. ನಿಮ್ಮ ಪುಣ್ಯ, ಬೇರೆ ಕಡೆ ಹರಡಿಲ್ಲ. ಸುತ್ತಲೂ ಸೇರಿಸಿ ಕತ್ತರಿಸಿ ತೆಗೆದರೆ ಮುಗಿಯಿತು."

ರಂಗಮ್ಮ ಸೆರಗನ್ನು ಸೊಂಟದ ಮೇಲೆ ಎಳೆದುಕೊಂಡರು. ಆಮೇಲೆ, "ತೆಗೀರಿ. ಆದ್ರೆ ಒಂದೇ ಸಲ. ಎರಡ್ನೇ ಸಲ ಅಂದ್ರೆ ನಾ ಬರೋಳಲ್ಲ" ಎಂದರು.

ಒಂದೇ ಸಲಕ್ಕೆ ತೆಗೆದರು. ತೆಗೆದದ್ದರ ಸುತ್ತ ರೋಗದ ಸುಳಿವಿಲ್ಲ ಎಂದು ವರದಿಯೂ ಬಂತು. ಹೊಲಿಗೆ ಹಾಕಿ ಮನೆಗೆ ಕಳಿಸುವಾಗ ಡಾಕ್ಟರಮ್ಮ ಹೇಳಿದ್ದು ಒಂದೇ ಮಾತು: ನಾನು ಹೇಳುವವರೆಗೆ ಸೊಂಟಕ್ಕೆ ಏನೂ ಕಟ್ಟಬಾರದು. ಹೇಮಾವತಿ ಬರುವ ದಾರಿಯಲ್ಲೇ ಅಂಗಡಿಗೆ ನುಗ್ಗಿ ಒಂದು ನೈಟಿ ಕೊಂಡಳು. ತಿಳಿನೀಲಿ ಬಣ್ಣ, ಮೇಲೆ ಸಣ್ಣ ಬಿಳಿ ಹೂವು. ಮನೆಯಲ್ಲಿ ಬಿಚ್ಚಿ ತೋರಿಸಿದಾಗ ರಂಗಮ್ಮ ಮುಖ ತಿರುಗಿಸಿದರು. ವೆಂಕಟಲಕ್ಷ್ಮಮ್ಮ ತಿರುಗಿಸಲಿಲ್ಲ, ಚೆನ್ನಾಗಿ ನೋಡಿಯೇ ಬೈದರು.

"ಸೊಸೇರು ಹಾಕೋ ಬಟ್ಟೆನ ಅತ್ತೆಗೆ ಹಾಕ್ತೀಯಾ? ಈ ವಯಸ್ಸಿಗೆ ಇವಳು ಚೀಲದೊಳಗೆ ನುಗ್ಗಿ ಓಡಾಡ್ಬೇಕಾ?"

"ಚೀಲಕ್ಕೆ ಲಾಡಿ ಇರಲ್ಲ ದೊಡ್ಡತ್ತೆ, ಅದಕ್ಕೇ" ಎಂದಳು ಹೇಮಾವತಿ.

ರಂಗಮ್ಮ ನೈಟಿ ಹಾಕಿಕೊಂಡರು, ಆದರೆ ಕೋಣೆಯ ಒಳಗೆ ಮಾತ್ರ, ಬಾಗಿಲು ಹಾಕಿಕೊಂಡು. ಬೀಗದ ಕೈ ಗೊಂಚಲು ದಿಂಬಿನ ಕೆಳಗೆ ಹೋಯಿತು. ಯುಗಾದಿಯವರೆಗೆ ಹೇಗೋ ನಡೆಯಿತು. ಯುಗಾದಿಯ ದಿನ, ಅರಸೀಕೆರೆಗೆ ಕೊಟ್ಟ ಮಗಳ ಅತ್ತೆ ಮಾವ ರಂಗಮ್ಮನವರನ್ನು ನೋಡಲು ಬಂದರು. ಹೇಮಾವತಿ ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದಳು. ತಲೆ ಎತ್ತಿ ನೋಡಿದರೆ ರಂಗಮ್ಮ ರೇಷ್ಮೆ ಸೀರೆ ಉಟ್ಟು ಎದುರು ನಿಂತಿದ್ದಾರೆ! ಸೊಂಟದಲ್ಲಿ ಗೊಂಚಲು ಕಿಣಿಕಿಣಿ ಎನ್ನುತ್ತಿದೆ.

"ಅತ್ತೆ! ಲಾಡಿ ಕಟ್ಟಿದ್ರಾ?"

"ಬೀಗರ ಮುಂದೆ ಸೊಂಟ ಬಿಟ್ಕಂಡು ನಿಂತ್ಕಳ್ಳೋಕಾಯ್ತದಾ? ಒಂದೊತ್ತಿಗೆ ಏನೂ ಆಗಲ್ಲ."

ಒಂದೊತ್ತಿಗೇ ಆಯಿತು. ಬಗ್ಗಿ ಬಗ್ಗಿ ಬೀಗರಿಗೆ ಹೋಳಿಗೆ ಬಡಿಸಿ, ತುಪ್ಪ ಸುರಿದು, ಬಸ್ಸು ಹತ್ತಿಸಿ ಬರುವ ಹೊತ್ತಿಗೆ ರೇಷ್ಮೆ ಸೀರೆಯ ಮೇಲೆ ಅಂಗೈ ಅಗಲ ರಕ್ತ. ಹೊಲಿಗೆ ಬಿಟ್ಟುಕೊಂಡಿತ್ತು.

ಮರುದಿನ ಡಾಕ್ಟರಮ್ಮನ ಕೋಪ ನೋಡಬೇಕಿತ್ತು. ಬಿಟ್ಟುಕೊಂಡ ಗಾಯದ ಬಾಯಿಯನ್ನು ಮತ್ತೆ ಎಳೆದು ಹೊಲಿಯಲು ಬರುವುದಿಲ್ಲ, ತೊಡೆಯಿಂದ ಚರ್ಮ ತೆಗೆದು ಇಲ್ಲಿ ಕೂರಿಸಬೇಕಾಗಬಹುದು ಎಂದರು. ರಂಗಮ್ಮ ಕುರ್ಚಿಯಿಂದ ಎದ್ದೇಬಿಟ್ಟರು.

"ಹೇಮ, ನಡಿಯೇ ಮನೇಗೆ. ನಾನು ಮೊದಲೇ ಹೇಳಿದ್ದೆ, ಒಂದೇ ಸಲ ಅಂತ. ಆ ಟೇಬಲ್ ಮ್ಯಾಲೆ ಇನ್ನೊಂದ್ಸಲ ಮಲಗಿದ್ರೆ ನಾ ಏಳಲ್ಲ. ಹುಣ್ಣಿಟ್ಕಂಡೇ ಸಾಯ್ತೀನಿ."

ಅತ್ತೆ ಹಟದ ಹೆಂಗಸು. ಆಡಿದ ಮಾತು ತಪ್ಪುವುದಿಲ್ಲ ಎಂಬುದು ಹೇಮಾವತಿಗೆ ಗೊತ್ತಿತ್ತು. ಅವಳು ಡಾಕ್ಟರಮ್ಮನ ಕಡೆ ತಿರುಗಿದಳು. "ಬೇರೆ ದಾರಿ ಏನೂ ಇಲ್ವಾ ಡಾಕ್ಟ್ರೇ?" ಎಂದಳು.

ಡಾಕ್ಟರಮ್ಮ ಯೋಚಿಸಿದರು. "ಒಂದಿದೆ. ನಿಧಾನ. ಶಿಸ್ತು ಬೇಕು. ನಿಮ್ಮಿಂದ ಆಗತ್ತಾ?" ಎಂದು ಡ್ರೆಸ್ಸಿಂಗ್ ಕೋಣೆಗೆ ಕಳಿಸಿದರು.

ಅಲ್ಲಿದ್ದ ನರ್ಸ್ ಆಶಾರಾಣಿ ಬಾಣಾವರದವರು. ಒಂದು ಟ್ಯೂಬು ತೆಗೆದು ಅಂಗೈ ಮೇಲೆ ಸ್ವಲ್ಪ ಹಿಂಡಿ ತೋರಿಸಿದರು. ಬಣ್ಣವಿಲ್ಲದ, ಲೋಳೆಸರದ ತಿರುಳಿನಂಥ ತಣ್ಣನೆಯ ವಸ್ತು. "ಇದು ಜೆಲ್. ಗಾಯದೊಳಗೆ ತುಂಬಿ ಮೇಲೆ ಈ ಪಟ್ಟಿ ಮುಚ್ಚೋದು. ಗಾಯ ಒಣಗಬಾರದು, ಒಳಗಡೆ ಪಸೆ ಇರಬೇಕು. ಪಸೆ ಇದ್ದರೆ ಹೊಸ ಚರ್ಮ ತಳದಿಂದ, ಅಂಚಿಂದ ಹರಿದು ಬರ್ತದೆ. ಮೂರು ದಿನಕ್ಕೊಂದ್ಸಲ ಬದಲಾಯ್ಸಿ. ನಡುವೆ ಬಿಚ್ಚಂಗಿಲ್ಲ. ನೋಡೋಣ ಅಂತಾನೂ ಬಿಚ್ಚಂಗಿಲ್ಲ."

ಗಾಯ ಒಣಗಬಾರದು! ಬಾಗಿಲಲ್ಲಿ ನಿಂತಿದ್ದ ಕೆಂಚಪ್ಪನವರು ತಮ್ಮ ಕಿವಿ ನಂಬಲಿಲ್ಲ. "ಏನವ್ವ, ಅದನ್ನ ಯಾತರಿಂದ ಮಾಡಿರ್ತಾರೆ?"

"ಮುಕ್ಕಾಲು ಪಾಲು ನೀರೇ ಯಜಮಾನ್ರೆ. ನೀರನ್ನ ಹಿಡ್ಕೊಂಡಿರೋದು ಸೆಲ್ಯುಲೋಸು. ಹತ್ತಿಲಿ, ಮರದಲ್ಲಿ, ನಿಮ್ಮ ತೆಂಗಿನ ನಾರಲ್ಲಿ, ಎಲ್ಲಾ ಗಿಡದಲ್ಲೂ ಇರೋದೇ."

ಕೆಂಚಪ್ಪನವರು ಗಡ್ಡ ಕೆರೆದುಕೊಂಡರು. "ಬ್ಯಾಸ್ಗೇಲಿ ಮರದ ಬುಡಕ್ಕೆ ಕಾಯಿ ಸುಲಿದ ಮಟ್ಟೆ ಹೂತಂಗೆ ಅನ್ನು. ಮಟ್ಟೆ ನೀರು ಕುಡ್ದು ಇಟ್ಕಂಡು ಬೇರಿಗೆ ಚೂರ್ ಚೂರೇ ಬಿಡ್ತದೆ."

"ಹೂಂ, ಹಂಗೇ ಅಂದ್ಕೊಳ್ಳಿ. ಕ್ಯಾನ್ಸರ್‌ನ ಡಾಕ್ಟ್ರು ಕತ್ತರಿಸಿ ತೆಗೆದಾಯ್ತು. ಗಾಯ ಮುಚ್ಚೋದಷ್ಟೆ ಇದರ ಕೆಲಸ."

ಮುಂಗಾರು ಹಿಡಿಯುವವರೆಗೆ ಡಾಕ್ಟರಮ್ಮ ಕಾಲ ಕೊಟ್ಟರು. ಅಷ್ಟರೊಳಗೆ ಮುಚ್ಚಿದರೆ ಸರಿ. ಇಲ್ಲದಿದ್ದರೆ ತೊಡೆಯ ಚರ್ಮ, ಮತ್ತೆ ಅದೇ ಟೇಬಲ್ಲು.

ಮನೆಯಲ್ಲಿ ಹೊಸ ಜಗಳಕ್ಕೆ ಮುಹೂರ್ತವಾಯಿತು. ಮೊದಲ ಸಲ ಪಟ್ಟಿ ಬದಲಾಯಿಸುವಾಗ ವೆಂಕಟಲಕ್ಷ್ಮಮ್ಮ ಪಕ್ಕದಲ್ಲೇ ನಿಂತಿದ್ದರು. ಕರಗಿ ಹಳದಿಯಾದ ಜೆಲ್ಲು ನೋಡಿ ಮೂಗು ಮುಚ್ಚಿಕೊಂಡರು.

"ಅಯ್ಯೋ ಶಿವನೆ, ಕೀವು!"

"ಕೀವಲ್ಲ ದೊಡ್ಡತ್ತೆ, ಜೆಲ್ಲೇ ಹಿಂಗಾಗೋದು. ನರ್ಸಮ್ಮ ಹೇಳಿಕಳ್ಸವ್ರೆ."

"ಮೀನು ನೀರಲ್ಲಿರ್ಬೇಕು, ಗಾಯ ಬಿಸಿಲಲ್ಲಿರ್ಬೇಕು. ಉಪ್ಪಿನಕಾಯಿ ಕೆಡಿಸ್ದಂಗೆ ಇವಳನ್ನೂ ಕೆಡಿಸ್ಬೇಡ."

ಹೇಮಾವತಿಗೆ ಕಣ್ಣಲ್ಲಿ ನೀರು ಬಂತು. ಆದರೂ ಅಂಚು ಒತ್ತಿ ಒತ್ತಿ ಪಟ್ಟಿ ಅಂಟಿಸಿದಳು. ಮಲ್ಲೇಶ ಹಾಸನಕ್ಕೆ ಹೋದಾಗೆಲ್ಲ ಟ್ಯೂಬು ತಂದು, "ಇಷ್ಟು ಸಣ್ಣ ಟ್ಯೂಬಿಗೆ ಇಷ್ಟು ರೇಟಾ? ಇದಕ್ಕಿಂತ ಗ್ರೀಸ್ ಅಗ್ಗ" ಎಂದು ಗೊಣಗಿ ಹೆಂಡತಿಯ ಕೈಗಿಡುತ್ತಿದ್ದ. ಅವನು ಗೊಣಗಿದ್ದೇ ಹೊರತು ಒಂದು ಸಲವೂ ತಪ್ಪಿಸಲಿಲ್ಲ. ಕೆಲವು ವಾರದಲ್ಲಿ ಗಾಯದ ತಳ ಕೆಂಪಾಗಿ ತುಂಬಿಕೊಂಡು ಬಂತು. ಹೇಮಾವತಿಗೆ ಅಡುಗೆಮನೆಯಲ್ಲಿ ಹಾಡು ಗುನುಗುವಷ್ಟು ಹಗುರಾಯಿತು.

ಆ ಹೊತ್ತಿಗೆ ಬಿಕ್ಕೋಡಿನಿಂದ ಫೋನು ಬಂತು. ಅವಳ ತಾಯಿಗೆ ಕಣ್ಣಿನ ಪೊರೆ ತೆಗೆಯುವ ಆಪರೇಷನ್ನು, ಜೊತೆಗೆ ಮಗಳು ಬೇಕು. ಪಟ್ಟಿ ಬದಲಾಯಿಸಿ, "ನಾನು ಬರೋ ತನಕ ಯಾರೂ ಮುಟ್ಬೇಡಿ, ನಾಡಿದ್ದು ಬತ್ತೀನಿ" ಎಂದು ಎಲ್ಲರಿಗೂ ಹೇಳಿ ಬಸ್ಸು ಹತ್ತಿದಳು.

ನಾಡಿದ್ದು ಬಂದು ಹಿತ್ತಿಲಿಗೆ ಹೋದವಳು ಕೈಯ ಬ್ಯಾಗು ಅಲ್ಲೇ ಬಿಟ್ಟಳು. ಹೋಳು ಕೊಬ್ಬರಿ ಹರವಿದ್ದ ಚಾಪೆಯ ಪಕ್ಕದಲ್ಲೇ ಮಂಚ ಹಾಕಿ ಅದರ ಮೇಲೆ ರಂಗಮ್ಮನವರನ್ನು ಮಗ್ಗುಲಾಗಿ ಮಲಗಿಸಿದ್ದಾರೆ. ಸೊಂಟ ಸುಡುಬಿಸಿಲಿಗೆ. ಗಾಯದ ಮೇಲೆ ಅರಿಶಿನ ಮತ್ತು ಚಿಪ್ಪಿನ ಇದ್ದಿಲ ಪುಡಿ. ಕಾಗೆ ಬರದಂತೆ ವೆಂಕಟಲಕ್ಷ್ಮಮ್ಮ ಕೋಲು ಹಿಡಿದು ಕೂತಿದ್ದಾರೆ, ಕೊಬ್ಬರಿಗೂ ನಾದಿನಿಗೂ ಒಂದೇ ಕಾವಲು.

"ನೋಡೇ, ಎರಡೇ ದಿನಕ್ಕೆ ಒಣಗೋಯ್ತು!" ಎಂದರು ಅವರು. ದನಿಯಲ್ಲಿ ಗೆದ್ದ ಸಂಭ್ರಮ.

ಹೌದು, ಕರ್ರಗೆ ಗಟ್ಟಿ ಹಕ್ಕಳೆ ಕಟ್ಟಿತ್ತು. ರಂಗಮ್ಮನವರೂ ಖುಷಿಯಲ್ಲೇ ಇದ್ದರು. "ಬಿಗಿಯಾಗೈತೆ ಕಣೆ, ಇನ್ನೇನು ಉದುರ್ತದೆ" ಎಂದರು. ಕೆಂಚಪ್ಪನವರೂ ಒಪ್ಪಿದಂತೆ ತಲೆ ಆಡಿಸಿದರು. ಮಟ್ಟೆಯ ಮಾತು ಅವರಿಗೇ ಮರೆತಿತ್ತು. ಇಷ್ಟು ಜನರ ಸಂತೋಷದ ಎದುರು ಹೇಮಾವತಿಯೊಬ್ಬಳೇ ಸಪ್ಪೆ ಮುಖ ಮಾಡಿಕೊಂಡು ನಿಂತಳು. ತಾನೇ ತಪ್ಪಿರಬಹುದೇ ಎಂದು ಅವಳಿಗೂ ಒಂದು ಗಳಿಗೆ ಅನ್ನಿಸಿತು.

ವಾರ ತುಂಬುವುದರೊಳಗೆ ರಂಗಮ್ಮನವರಿಗೆ ಚಳಿಜ್ವರ. ಹಕ್ಕಳೆಯ ಸುತ್ತ ಕೆಂಪಗೆ ಊದಿಕೊಂಡು, ಒತ್ತಿದರೆ ಅಂಚಿನಲ್ಲಿ ನಿಜವಾದ ಕೀವು. ಬಾಡಿಗೆ ಕಾರಿನಲ್ಲಿ ಹಾಸನಕ್ಕೆ ಓಡಿದರು. ಡಾಕ್ಟರಮ್ಮ ಹಕ್ಕಳೆ ಎತ್ತಿ, ಕೀವು ತೊಳೆದು, ಇಂಜೆಕ್ಷನ್ನು ಕೊಟ್ಟು ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಜ್ವರ ಇಳಿದ ಮೇಲೆ ಹೇಳಿದರು: "ಮೇಲೆ ಒಣಗಿ ಒಳಗೆ ಕೊಳೆತಿದೆ. ಬಂದ ಹೊಸ ಚರ್ಮವೂ ಹಕ್ಕಳೆ ಜೊತೆ ಹೋಯಿತು. ಮತ್ತೆ ಮೊದಲಿಂದ ಶುರು ಮಾಡಿ. ಇದೇ ಕಡೆ. ಇನ್ನೊಂದು ಸಲ ಹೀಗಾದರೆ ನನ್ನ ಕೈಲಿ ಕತ್ತಿ ಬಿಟ್ಟು ಬೇರೇನೂ ಇಲ್ಲ."

ಮನೆಗೆ ಬಂದ ಸಂಜೆ ಒಲೆಯ ಮೇಲೆ ಸಾರು ಉಕ್ಕಿತು, ಜೊತೆಗೆ ಹೇಮಾವತಿಯೂ ಉಕ್ಕಿದಳು.

"ಹತ್ತು ವರ್ಷ ಉಪ್ಪಿನಕಾಯಿ ಮಾತು ಅನ್ನಿಸ್ಕೊಂಡೆ ದೊಡ್ಡತ್ತೆ, ಒಂದಿನ ಎದುರಾಡ್ಲಿಲ್ಲ. ಇದು ಉಪ್ಪಿನಕಾಯಿ ಅಲ್ಲ, ನಮ್ಮತ್ತೆ! ಮುಟ್ಬೇಡಿ ಅಂತ ಹೇಳಿ ಹೋಗಿರ್ಲಿಲ್ವಾ?"

"ನಾನೇನು ಸಾಯ್ಲಿ ಅಂತ ಮಾಡಿದ್ನಾ?" ಎಂದರು ವೆಂಕಟಲಕ್ಷ್ಮಮ್ಮ. "ಅವಳು ಹಸೆ ಮೇಲಿಂದ ಎದ್ದು ಬಂದಾಗ ಹದಿನಾಲ್ಕು ವರ್ಷದ ಹುಡುಗಿ. ತಲೆ ಬಾಚಿ ಜಡೆ ಹಾಕ್ದೋಳು ನಾನು."

"ಸುಮ್ಕಿರ್ರೇ ಇಬ್ರೂ!" ಎಂದು ಕೆಂಚಪ್ಪನವರು ಗದರಿದರು. ವೆಂಕಟಲಕ್ಷ್ಮಮ್ಮ ಅಂದು ಉಣ್ಣಲಿಲ್ಲ. ಹೇಮಾವತಿಯೂ ಉಣ್ಣಲಿಲ್ಲ. ಒಳಕೋಣೆಯಲ್ಲಿ ಮಲಗಿದ್ದ ರಂಗಮ್ಮ ಎಲ್ಲ ಕೇಳಿಸಿಕೊಂಡರು.

ಬೆಳಿಗ್ಗೆ ಕಾಯಿ ಸುಲಿಯುವ ಆಳುಗಳು ಬಂದರು. ಹೋದ ಬೇಸಿಗೆಯಲ್ಲಿ ಅಟ್ಟ ಹತ್ತಿದ್ದ ಕಾಯಿ ಈಗ ಉಂಡೆ ಕೊಬ್ಬರಿಯಾಗಿ ಇಳಿಯುವ ಹೊತ್ತು. ಕೋಣೆಯ ಬಾಗಿಲು ತೆರೆಯಿತು. ತಿಳಿನೀಲಿ ನೈಟಿಯ ಮೇಲೊಂದು ಟವೆಲ್ಲು ಹೊದ್ದು, ಕೈಯಲ್ಲಿ ಬೀಗದ ಕೈ ಗೊಂಚಲು ಹಿಡಿದು ರಂಗಮ್ಮ ಹಜಾರಕ್ಕೆ ಬಂದರು! ಆಳುಗಳು ತಬ್ಬಿಬ್ಬಾಗಿ ಗೋಡೆ ನೋಡಿದರು. "ಏನ್ ನೋಡ್ತೀರ್ಲಾ? ಏಣಿ ಹಾಕಿ" ಎಂದು ಗದರಿ, ಕುರ್ಚಿ ಎಳೆದು ಕೂತರು. ಊರ ಗಂಡಸರ ಮುಂದೆ ಅತ್ತೆ ನೈಟಿಯಲ್ಲಿ! ಹೇಮಾವತಿಗೆ ಕೈಯ ಕಾಫಿ ಲೋಟ ಬೀಳುವುದೊಂದು ಬಾಕಿ.

ಕೆಲಸ ಸಾಗಿತು. ಮಟ್ಟೆ ಸುಲಿದು ಚಿಪ್ಪು ಒಡೆದಂತೆ ಒಳಗಿಂದ ಇಡೀ ಉಂಡೆ ಕೊಬ್ಬರಿ ಬಿರುಕಿಲ್ಲದೆ ಉರುಳಿ ಬೀಳುತ್ತಿತ್ತು. ವೆಂಕಟಲಕ್ಷ್ಮಮ್ಮ ಬಂದು ನಾದಿನಿಯ ಪಕ್ಕ ಕೂತರು. ರಾತ್ರಿಯ ಅಳುವಿನಿಂದ ಕಣ್ಣು ಊದಿದ್ದವು. ಮೆಲ್ಲಗೆ ಕೇಳಿದರು.

"ರಂಗಿ, ಪಟ್ಟಿ ಒಂಚೂರು ಎತ್ತಿ ನೋಡಾನ? ಕೊಳೀತಾ ಐತೋ ಏನೋ. ನಂಗೆ ಜೀವ ತಡೀತಿಲ್ಲ. ಏನೂ ಹಚ್ಚಲ್ಲ, ಆಣೆ."

ರಂಗಮ್ಮ ಬಗ್ಗಿ ರಾಶಿಯಿಂದ ಇನ್ನೂ ಸುಲಿಯದ ಒಂದು ಕಾಯಿ ಎತ್ತಿ ಅತ್ತಿಗೆಯ ಕೈಗಿಟ್ಟರು.

"ಇದ್ರೊಳಗೆ ಏನೈತೆ ಅತ್ತಿಗೆ?"

ವೆಂಕಟಲಕ್ಷ್ಮಮ್ಮ ಅಭ್ಯಾಸಬಲದಿಂದ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಗುಡುಗುಡು ಸದ್ದು. "ಉಂಡೆ ಚಿಪ್ಪು ಬಿಟ್ಕಂಡೈತೆ. ಮಾಗೈತೆ."

"ಒಡೆದು ನೋಡ್ಲಿಲ್ವಲ್ಲ, ಹೆಂಗೆ ಗೊತ್ತಾಯ್ತು?"

"ಒಡೆದು ನೋಡ್ತಾರೇನೇ ಪೆದ್ದಿ? ಒಡೆದ್ರೆ..." ವೆಂಕಟಲಕ್ಷ್ಮಮ್ಮ ಅಲ್ಲಿಗೇ ನಿಂತರು.

"ಹೇಳಿ ಅತ್ತಿಗೆ. ನಾನು ಮದುವೆಯಾಗಿ ಬಂದ ವರ್ಷ ಅಟ್ಟ ಹತ್ತಿ, ಕೊಬ್ಬರಿ ಆಯ್ತಾ ಅಂತ ಕಾಯಿ ಒಡೆದು ಒಡೆದು ನೋಡ್ತಿದ್ದೆ. ನೀವೇ ಬಂದು ಕೈ ಮ್ಯಾಲೆ ಹೊಡೆದ್ರಿ. ಏನಂದಿದ್ರಿ?"

ಸುಲಿಯುವವರ ಕೈಯೂ ನಿಂತಿತ್ತು. ವೆಂಕಟಲಕ್ಷ್ಮಮ್ಮ ಕಾಯಿಯನ್ನೇ ನೋಡುತ್ತ ಹೇಳಿದರು. "ಬಿಸಿಲಿಗೆ ಹಾಕಿದ್ದು ಹೋಳು ಕೊಬ್ಬರಿ. ಉಂಡೆ ಬೇಕು ಅಂದ್ರೆ ಮಟ್ಟೆ ಬಿಚ್ಬೇಡ, ಬಿಸಿಲು ತೋರಿಸ್ಬೇಡ. ಒಳಗಿನ ನೀರು ಒಳಗೇ ಇರ್ಲಿ. ಅದು ಅದ್ರ ಪಾಡಿಗೆ ತಿರುಳಿಗೆ ಇಂಗ್ತದೆ. ಕಾಯೋಳು ಕಾಯ್ಬೇಕು, ಕೆದಕ್ಬಾರ್ದು ಅಂದಿದ್ದೆ."

"ನಂದೂ ಉಂಡೆ ಅತ್ತಿಗೆ. ಹೋಳು ಮಾಡ್ಬೇಡಿ." ಎಂದರು ರಂಗಮ್ಮ. "ತಪ್ಪು ನಿಮ್ದೊಂದೇ ಅಲ್ಲ. ಯುಗಾದೀಲಿ ಲಾಡಿ ಬಿಗಿದೋಳು ನಾನು, ಬಿಸಿಲಿಗೆ ಮೈಯೊಡ್ಡಿದೋಳೂ ನಾನು. ಹೇಮ ಹೇಳಿದ್ದು ಕೇಳಿದ್ರೆ ಇಷ್ಟೊತ್ತಿಗೆ ಮುಚ್ಚಿರೋದು."

ಹೇಮಾವತಿ ಕಂಬ ಹಿಡಿದುಕೊಂಡು ಅತ್ತಳು, ಮರೆಮಾಚಲೂ ಹೋಗಲಿಲ್ಲ. ವೆಂಕಟಲಕ್ಷ್ಮಮ್ಮ ಸೆರಗಲ್ಲಿ ಮುಖ ಒರೆಸಿಕೊಂಡು ಎದ್ದರು. "ಕಾಫಿ ಆರೋಯ್ತದೆ, ಕೊಡೇ ಇತ್ಲಾಗೆ" ಎಂದು ಸೊಸೆಯ ಕೈಯ ಲೋಟ ಕಸಿದುಕೊಂಡರು. ಅವರ ಮಟ್ಟಿಗೆ ಅದೇ ರಾಜಿ.

ಅಂದಿನಿಂದ ಗಾಯಕ್ಕೆ ಅವರೇ ಕಾವಲು. ಕಾಗೆ ಓಡಿಸಿದ ಅದೇ ಕೋಲು, ಅದೇ ಗಂಟಲು. ಎದುರುಮನೆಯ ಕಮಲಾಕ್ಷಮ್ಮ ಯಾವುದೋ ಸೊಪ್ಪು ಅರೆದು ಬಟ್ಟಲಲ್ಲಿ ತಂದರು. ವೆಂಕಟಲಕ್ಷ್ಮಮ್ಮ ಅವರನ್ನು ಹೊಸಿಲಿನ ಆಚೆಯೇ ತಡೆದರು.

"ಏನವ್ವ ಅದು?"

"ಹಚ್ಚಿದ್ರೆ ಮೂರೇ ದಿನಕ್ಕೆ ಒಣಗ್ತದಂತೆ."

"ನಮಗೆ ಒಣಗೋದು ಬ್ಯಾಡ. ಒಳಗೆ ತೇವ ಇರ್ಬೇಕು, ಮೇಲೆ ಮುಚ್ಚಿರ್ಬೇಕು. ನಿಂಗೆ ತಿಳಿಯಲ್ಲ ಹೋಗು. ನಮ್ಮ ಹೇಮ ಬಿಕ್ಕೋಡಿನೋಳು, ತೇವದ ವಿಚಾರ ಅವಳಿಗೆ ಗೊತ್ತು."

ಒಳಗೆ ಅಕ್ಕಿ ಆರಿಸುತ್ತಿದ್ದ ಹೇಮಾವತಿಗೆ ನಗು ತಡೆಯಲಾಗಲಿಲ್ಲ. ಹತ್ತು ವರ್ಷ ಚುಚ್ಚಿದ ಮಾತು, ಹಾಗೇ ಹೊರಳಿ ಹಾರವಾಗಿ ಕೊರಳಿಗೆ ಬಿದ್ದಿತ್ತು. ಇನ್ನು ಯಾರು ಏನೇ ಅನ್ನಲಿ, ಈ ಮನೆ ತನ್ನದೇ ಎಂದು ಅವಳಿಗೆ ಅವತ್ತು ಅನ್ನಿಸಿತು.

ಮೂರು ದಿನಕ್ಕೊಮ್ಮೆ ಪಟ್ಟಿ ಬದಲಾಯಿಸುವುದು ಒಂದು ಪೂಜೆಯಂತೆ ನಡೆಯಿತು. ಹೇಮಾವತಿ ಕೈ ತೊಳೆದು ಕೂತರೆ ದೊಡ್ಡತ್ತೆ ಕುದಿಸಿ ಆರಿಸಿದ ನೀರು ಹಿಡಿದು ನಿಲ್ಲುವರು. ಮಲ್ಲೇಶ ಬಾಗಿಲಾಚೆಯಿಂದ "ಎಷ್ಟಾಯ್ತು?" ಎಂದು ಕೂಗುವನು. "ಅಡಿಕೆ ಅಗಲ" ಎನ್ನುವರು ಒಳಗಿನಿಂದ. ಇನ್ನಷ್ಟು ದಿನ ಕಳೆದು "ಕಡಲೆ ಗಾತ್ರ" ಎಂದರು. ರೋಹಿಣಿ ಮಳೆ ಹನಿಸಿ ಹೋಯಿತು. ಮೃಗಶಿರಾ ಮಳೆ ಅಂಗಳ ತೋಯಿಸಿದ ಬೆಳಿಗ್ಗೆ ಹೇಮಾವತಿ ಪಟ್ಟಿ ಎತ್ತಿದಳು. ಜೆಲ್ಲು ತೊಳೆದಳು. ನೋಡಿದಳು, ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು.

"ಏನೇ? ಮಾತಾಡೇ!" ಎಂದರು ರಂಗಮ್ಮ.

"ಏನೂ ಇಲ್ಲ ಅತ್ತೆ. ಗಾಯಾನೇ ಇಲ್ಲ!"

ಎಳೆಮಗುವಿನ ತುಟಿಯ ಬಣ್ಣದ ತೆಳು ಚರ್ಮ, ಅಂಚಿನಿಂದ ಅಂಚಿಗೆ. ವೆಂಕಟಲಕ್ಷ್ಮಮ್ಮ ಬೆರಳು ಚಾಚಿ, ಮುಟ್ಟದೆ, ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಹೊರಗೆ ಹೋಗಿ ಬೀದಿಗೇ ಕೇಳುವಂತೆ ತಮ್ಮನನ್ನು ಕೂಗಿದರು.

ಹಾಸನಕ್ಕೆ ಈ ಸಲ ಮನೆ ಮಂದಿಯೆಲ್ಲ ಹೋದರು. ಡಾಕ್ಟರಮ್ಮ ಗಾಯದ ಜಾಗ ಒತ್ತಿ ನೋಡಿ, ತೊಡೆಸಂದಿಯಲ್ಲಿ ಗಂಟು ಇದೆಯೇ ಎಂದೂ ತಡವಿ ನೋಡಿ ನಕ್ಕರು. "ಕತ್ತಿ ಬೇಡ. ಮುಚ್ಚಿದೆ. ರೋಗದ ಗುರುತೂ ಇಲ್ಲ. ಆದರೆ ತಪ್ಪದೆ ಬಂದು ತೋರಿಸ್ತಿರಬೇಕು." ಆಶಾರಾಣಿ ಬೇರೆ ನರ್ಸುಗಳನ್ನೂ ಕರೆದು ತೋರಿಸಿ, "ಯಾರಮ್ಮ ಇಷ್ಟು ನೀಟಾಗಿ ಡ್ರೆಸ್ಸಿಂಗ್ ಮಾಡಿದ್ದು?" ಎಂದರು. ಎಲ್ಲರಿಗಿಂತ ಮೊದಲು ಹೇಮಾವತಿಯ ಕಡೆ ಕೈ ತೋರಿಸಿದವರು ವೆಂಕಟಲಕ್ಷ್ಮಮ್ಮ. ಅವಳ ಭುಜ ಹಿಡಿದು ಮುಂದಕ್ಕೂ ತಳ್ಳಿದರು.

ಹಳೇಬೀಡಿನಲ್ಲಿ ಬಸ್ಸು ಕಾಫಿಗೆ ನಿಂತಿತು. ಗಂಡಸರು ಇಳಿದರು. ವೆಂಕಟಲಕ್ಷ್ಮಮ್ಮ ಹೇಮಾವತಿಯ ಕಿವಿಯ ಹತ್ತಿರ ಬಗ್ಗಿದರು.

"ಅಲ್ಲೊಂದು ಬಟ್ಟೆ ಅಂಗಡಿ ಐತಲ್ಲ."

"ಐತೆ. ಏನ್ ಬೇಕು ದೊಡ್ಡತ್ತೆ?"

"ನಂಗೂ ಒಂದು ಚೀಲ ತಗೊ. ಹೂವಿಂದು ಬ್ಯಾಡ, ಗೆರೆ ಇರ್ಲಿ."

ಮನೆ ಸೇರಿದಾಗ ಇನ್ನೂ ಬೆಳಕಿತ್ತು. ರಂಗಮ್ಮ ಕೂರಲಿಲ್ಲ. ದಿಂಬಿನ ಕೆಳಗಿಂದ ಬೀಗದ ಕೈ ಗೊಂಚಲು ತಂದು ಹಜಾರದ ನಡುವೆ ನಿಂತರು. ಅದು ಸೊಸೆಯ ಸೊಂಟಕ್ಕೆ ಹೋಗುತ್ತದೆ ಎಂದು ಎಲ್ಲರೂ ಅಂದುಕೊಂಡರು. ಹೇಮಾವತಿಯೂ ಅಂದುಕೊಂಡಳು, ಸೆರಗು ಸರಿಮಾಡಿಕೊಂಡಳು. ರಂಗಮ್ಮ ತಲೆ ಅಲ್ಲಾಡಿಸಿದರು.

"ಉಹೂಂ. ನಿನ್ನ ಸೊಂಟಕ್ಕೂ ಬ್ಯಾಡ ಕಣವ್ವ." ಗಂಡನ ಕಡೆ ತಿರುಗಿದರು. "ಒಂದು ಮೊಳೆ ಹೊಡೀರಿ ಇಲ್ಲಿ. ಈ ಕಂಬಕ್ಕೆ. ಎಲ್ಲರ ಕೈಗೂ ಎಟುಕೋ ಹಂಗೆ."

ನಲವತ್ತು ವರ್ಷದ ಸಂಸಾರದಲ್ಲಿ ಆ ಗೊಂಚಲನ್ನು ಒಂದು ದಿನವೂ ಮುಟ್ಟದ ಕೆಂಚಪ್ಪನವರು ಸುತ್ತಿಗೆ ತಂದು ಮೊಳೆ ಹೊಡೆದರು. ರಂಗಮ್ಮ ಗೊಂಚಲನ್ನು ಅದಕ್ಕೆ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು.

"ಮನೆ ಬಿಗಿ ಇರೋಕೆ ಅಷ್ಟು ಸಾಕು" ಎಂದವರೇ, "ಹೇಮ, ಫ್ರಿಜ್ಜಿನ ಬೀಗ ತೆಗಿ. ಹಾಲು ತಗೊಂಡು ಎಲ್ಲರಿಗೂ ಕಾಫಿ ಮಾಡು" ಎಂದರು.